ಪಟ್ಟಿಯ ಕಾಳು, ತಟ್ಟೆಯ ಕಾಳು: ಬೇಳೆಕಾಳಿನ ಪ್ರೋಟೀನ್ ಲೆಕ್ಕ ಓದುವುದು ಹೇಗೆ?

ಈಗ ಎಲ್ಲಿ ನೋಡಿದರೂ ಪ್ರೋಟೀನ್ ಮಾತೇ. ಹಾಸನದ ಜಿಮ್‌ಗೆ ಹೋಗುವ ಹುಡುಗರ ಕೈಯಲ್ಲಿ ಪೌಡರ್ ಡಬ್ಬ. ಅಂಗಡಿಯಲ್ಲಿ ಪ್ರೋಟೀನ್ ಬಿಸ್ಕತ್ತು. ಸುಸ್ತು ಅಂತ ಡಾಕ್ಟರ ಹತ್ತಿರ ಹೋದರೆ 'ಕಾಳು ಜಾಸ್ತಿ ತಿನ್ನಿ' ಎಂಬ ಸಲಹೆ. ಇದೆಲ್ಲದರ ನಡುವೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 11,440 ಕೋಟಿ ರೂಪಾಯಿಯ ಬೇಳೆಕಾಳು ಸ್ವಾವಲಂಬನೆ ಯೋಜನೆ ಶುರು ಮಾಡಿತು. ಆಮದು, ತಲಾ ಲಭ್ಯತೆ, ಪ್ರೋಟೀನ್ ಪೂರೈಕೆ ಮುಂತಾದ ಮಾತುಗಳು ಪೇಪರಿನಲ್ಲಿ ಪದೇ ಪದೇ ಬರತೊಡಗಿದವು.

ಇಂಥ ಸುದ್ದಿಗಳಲ್ಲಿ ಒಂದು ಅಂಕಿ ಇದ್ದೇ ಇರುತ್ತದೆ: ಒಬ್ಬ ಭಾರತೀಯನಿಗೆ ಬೇಳೆಕಾಳಿನಿಂದ ದಿನಕ್ಕೆ ಇಷ್ಟು ಗ್ರಾಂ ಪ್ರೋಟೀನ್. ಅರಸೀಕೆರೆಯಲ್ಲಿ ವಾರಕ್ಕೆ ಮೂರು ಸಲ ಹುರಳಿಕಾಳು ಸಾರು ಉಣ್ಣುವವರಿಗೂ ಅದೇ ಅಂಕಿ. ಸಕಲೇಶಪುರದಲ್ಲಿ ಅನ್ನಕ್ಕೆ ತಿಳಿಸಾರು ಸುರಿದುಕೊಳ್ಳುವವರಿಗೂ ಅದೇ ಅಂಕಿ. ಅದು ಎಲ್ಲಿಂದ ಬಂತು? ಏನನ್ನು ಎಣಿಸಿದರು, ಏನನ್ನು ಬಿಟ್ಟರು? ಅದನ್ನು ತಿಳಿಯದೆ ಆ ಅಂಕಿ ಓದಿ ಏನೂ ಪ್ರಯೋಜನವಿಲ್ಲ.

ಕಾಳಿನಲ್ಲೇ ಪ್ರೋಟೀನ್ ಯಾಕೆ ಜಾಸ್ತಿ?

ಪ್ರೋಟೀನ್ ಅಂದರೆ ಅಮೈನೊ ಆಮ್ಲ ಎಂಬ ಸಣ್ಣ ಸಣ್ಣ ಅಂಶಗಳು ಸೇರಿ ಆದ ಉದ್ದನೆಯ ಸರ. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳಿವೆ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಇವೆಲ್ಲಕ್ಕೂ ಬೇಕಾದ ಮುಖ್ಯ ಸರಕು ನೈಟ್ರೋಜನ್, ಅಂದರೆ ಸಾರಜನಕ. ಗಾಳಿಯಲ್ಲಿ ಅದು ಬೇಕಾದಷ್ಟಿದೆ. ಆದರೆ ಬಹುತೇಕ ಗಿಡಗಳಿಗೆ ಅದನ್ನು ಗಾಳಿಯಿಂದ ಹಿಡಿದುಕೊಳ್ಳಲು ಬರುವುದಿಲ್ಲ. ಅದಕ್ಕೇ ರಾಗಿಗೆ, ಭತ್ತಕ್ಕೆ ಯೂರಿಯಾ ಹಾಕುತ್ತೇವೆ.

ಕಾಳಿನ ಗಿಡದ ಸಂಗತಿ ಬೇರೆ. ಹೂವು ಬರುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮೆಲ್ಲಗೆ ಬೇರುಸಮೇತ ಕಿತ್ತು ನೋಡಿ. ಬೇರಿನ ತುಂಬ ಸಾಸಿವೆಗಿಂತ ಸ್ವಲ್ಪ ದಪ್ಪದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು ಬಣ್ಣ ಕಾಣುತ್ತದೆ. ಹಾಗಿದ್ದರೆ ಗಂಟು ಕೆಲಸ ಮಾಡುತ್ತಿದೆ ಎಂದು ಅರ್ಥ. ಅದರೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಟ್ಟು ಸಾಕುತ್ತದೆ. ಹೀಗೆ ಕೈಗೆ ಸಿಕ್ಕ ಸಾರಜನಕವನ್ನು ಗಿಡ ಬೀಜದಲ್ಲಿ ಪ್ರೋಟೀನ್ ಮಾಡಿ ಕೂಡಿಡುತ್ತದೆ.

ಅದಕ್ಕೇ ನೂರು ಗ್ರಾಂ ಒಣ ತೊಗರಿಬೇಳೆಯಲ್ಲಿ, ಹುರಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಅದೇ ನೂರು ಗ್ರಾಂ ರಾಗಿಯಲ್ಲಿ ಸುಮಾರು 7, ಅಕ್ಕಿಯಲ್ಲಿ 8ರ ಹತ್ತಿರ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಅಂದರೆ 30 ಗ್ರಾಂ ಬೇಳೆ ಬೇಯಿಸಿ ಪೂರ್ತಿ ತಿಂದರೆ ಒಂದು ಮೊಟ್ಟೆಯ ಆಸುಪಾಸಿಗೆ ಬಂದ ಹಾಗೆ.

ಅಂದ ಹಾಗೆ, ಈ ಅಂಕಿಗಳನ್ನು ತೆಗೆಯುವಾಗ ಲ್ಯಾಬಿನಲ್ಲಿ ಹೆಚ್ಚಾಗಿ ಪ್ರೋಟೀನನ್ನೇ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಪ್ರೋಟೀನಿನ ತೂಕದಲ್ಲಿ ಸರಾಸರಿ ನೂರಕ್ಕೆ 16ರಷ್ಟು ಸಾರಜನಕ ಎಂಬ ಲೆಕ್ಕ ಅದು. ಡೆನ್ಮಾರ್ಕ್‌ನ ಯೋಹಾನ್ ಕೆಲ್ಡಾಲ್ 1883ರಲ್ಲಿ ಸಾರಜನಕ ಅಳೆಯುವ ವಿಧಾನ ಕಂಡುಹಿಡಿದ. ಇವತ್ತಿಗೂ ಅದು ಬಳಕೆಯಲ್ಲಿದೆ.

ಒಣಗಿದರೆ ಬೇಳೆಕಾಳು, ಹಸಿಯಿದ್ದರೆ ತರಕಾರಿ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಪ್ರತಿ ದೇಶದ ಆಹಾರದ ಲೆಕ್ಕಪಟ್ಟಿ ಇಡುತ್ತದೆ. ಅಲ್ಲಿ ಬೇಳೆಕಾಳು ಅಂದರೆ ಒಣಕಾಳಿಗಾಗಿ ಕೊಯ್ದದ್ದು ಮಾತ್ರ. ತೊಗರಿ, ಕಡಲೆ, ಹೆಸರು, ಉದ್ದು, ಹುರಳಿ, ಅಲಸಂದೆ, ಒಣ ಅವರೆ, ಮಸೂರ, ಒಣ ಬಟಾಣಿ ಇವೆಲ್ಲ ಅದರಲ್ಲಿ ಬರುತ್ತವೆ. ಹಸಿಯಾಗಿ ಕಿತ್ತ ಕಾಯಿ, ಹಸಿ ಕಾಳು ತರಕಾರಿಯ ಲೆಕ್ಕಕ್ಕೆ ಹೋಗುತ್ತವೆ. ಸೋಯಾಬೀನ್, ಕಡಲೆಕಾಯಿ ಎಣ್ಣೆಬೀಜದ ಲೆಕ್ಕಕ್ಕೆ.

ಹಾಸನದವರಿಗೆ ಇದು ಸ್ವಲ್ಪ ತಮಾಷೆ ಅನ್ನಿಸಬಹುದು. ಡಿಸೆಂಬರ್, ಜನವರಿಯಲ್ಲಿ ಮನೆಮನೆಯಲ್ಲೂ ಅವರೆಕಾಯಿ ಸುಲಿಯುವುದೇ ಕೆಲಸ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಮುದ್ದೆಗೆ ಹಿತಕಿದ ಬೇಳೆ ಸಾರು, ಸಂಜೆ ಕಾಫಿಗೆ ಕರಿದ ಅವರೆ. ಸೊಗಡಿನ ವಾಸನೆ ಕೈಯಿಂದ ಎರಡು ದಿನವಾದರೂ ಹೋಗುವುದಿಲ್ಲ. ಅಷ್ಟು ಅವರೆ ತಿಂದರೂ ಹಸಿಯದ್ದಾದರೆ ಅದರ ಪ್ರೋಟೀನ್ 'ಬೇಳೆಕಾಳಿನಿಂದ' ಎಂಬ ಸಾಲಿನಲ್ಲಿ ಕಾಣುವುದೇ ಇಲ್ಲ. ಹಾಗಂತ ತುಂಬ ನಷ್ಟವೂ ಇಲ್ಲ. ಹಸಿಕಾಳಿನಲ್ಲಿ ನೀರು ಜಾಸ್ತಿ, ಅದೇ ತೂಕದ ಒಣಕಾಳಿಗಿಂತ ಪ್ರೋಟೀನ್ ತುಂಬ ಕಡಿಮೆ.

ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಚಳಿಗಾಲದಲ್ಲಿ ಒಟ್ಟಿಗೆ ಬಂದು ಒಟ್ಟಿಗೆ ಮುಗಿಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ ತಳಿಗಳು ಹಗಲಿನ ಲೆಕ್ಕ ನೋಡುವುದಿಲ್ಲ, ವರ್ಷದ ಯಾವ ಕಾಲದಲ್ಲಾದರೂ ಬರುತ್ತವೆ. ಸೊಗಡು ಮಾತ್ರ ಚಳಿಯಲ್ಲಿ ಬಂದಷ್ಟು ಇರುವುದಿಲ್ಲ ಎನ್ನುವುದು ತಿನ್ನುವವರ ದೂರು.

ಪೂರೈಕೆ ಅಂದರೆ ಏನು?

ಕಡೂರು ಕಡೆಯ ಐದು ಜನರ ಒಂದು ಮನೆ ಅಂದುಕೊಳ್ಳಿ. ಈ ವರ್ಷ ಹೊಲದಲ್ಲಿ ಹುರಳಿ, ಹೆಸರು, ಅಲಸಂದೆ ಸೇರಿ 100 ಕೆಜಿ ಕಾಳಾಯಿತು. ಅಂಗಡಿಯಿಂದ 30 ಕೆಜಿ ತೊಗರಿಬೇಳೆ ತಂದರು. ಸಂತೆಗೆ 40 ಕೆಜಿ ಮಾರಿದರು. ಬಿತ್ತನೆಗೆ 8 ಕೆಜಿ ಎತ್ತಿಟ್ಟರು. ಎತ್ತುಗಳಿಗೆ ಬೇಯಿಸಿ ಹಾಕಿದ ಹುರಳಿ 18 ಕೆಜಿ. ಹುಳ ಹಿಡಿದು ಹೋದದ್ದು 4 ಕೆಜಿ. ಕೂಡಿ ಕಳೆದರೆ ಉಳಿದದ್ದು 60 ಕೆಜಿ. ತಲೆಗೆ ವರ್ಷಕ್ಕೆ 12 ಕೆಜಿ, ದಿನಕ್ಕೆ ಸುಮಾರು 33 ಗ್ರಾಂ. ಅದರಲ್ಲಿ ನೂರಕ್ಕೆ 22ರಂತೆ ಪ್ರೋಟೀನ್ 7 ಗ್ರಾಂ ಚಿಲ್ಲರೆ.

ದೇಶದ ಪೂರೈಕೆ ಲೆಕ್ಕವೂ ಇಷ್ಟೇ. ಬೆಳೆದದ್ದಕ್ಕೆ ಆಮದು ಕೂಡಿಸಿ, ರಫ್ತು ಕಳೆದು, ಗೋದಾಮಿನ ದಾಸ್ತಾನು ಏರಿತೋ ಇಳಿಯಿತೋ ನೋಡಿ, ಬೀಜ, ಮೇವು, ಹಾಳಾದದ್ದನ್ನು ತೆಗೆದು, ಜನಸಂಖ್ಯೆಯಿಂದ ಭಾಗಿಸುತ್ತಾರೆ. ಬೀಜ, ಮೇವು, ನಷ್ಟಕ್ಕೆಂದು ನಮ್ಮ ಸರ್ಕಾರ ಒಟ್ಟು ಬೆಳೆಯಲ್ಲಿ ನೂರಕ್ಕೆ 12.5 ಕಳೆಯುವುದು ಹಳೆಯ ರೂಢಿ.

ಈ ಲೆಕ್ಕದಲ್ಲಿ ಯಾರೂ ಅಡುಗೆಮನೆಗೆ ಹೋಗಿ ನೋಡಿಲ್ಲ. ಕಾಳು ಮನೆ ಬಾಗಿಲಿಗೆ ಬಂತು ಅನ್ನುವಷ್ಟೇ ಇದು ಹೇಳುತ್ತದೆ. ಐದು ಜನರಲ್ಲಿ ಯಾರು ಎಷ್ಟು ಉಂಡರು, ಎಲ್ಲರೂ ಉಂಡ ಮೇಲೆ ಕೂರುವ ಸೊಸೆಯ ತಟ್ಟೆಗೆ ಕಾಳು ಬಿತ್ತೋ ಬರೀ ರಸ ಬಿತ್ತೋ, ಅದು ಇದಕ್ಕೆ ಗೊತ್ತಾಗುವುದಿಲ್ಲ.

ದೇಶದ ಲೆಕ್ಕ: ಏರಿದ್ದು, ಇಳಿದದ್ದು

1951ರಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 60 ಗ್ರಾಂ ಬೇಳೆಕಾಳು ಲಭ್ಯವಿತ್ತು. 2001ಕ್ಕೆ ಅದು ಸುಮಾರು 30 ಗ್ರಾಂಗೆ ಇಳಿದಿತ್ತು. ಐವತ್ತು ವರ್ಷದಲ್ಲಿ ಅರ್ಧ.

ಬೆಳೆ ಕಡಿಮೆಯಾಗಿ ಹೀಗಾದದ್ದಲ್ಲ. 1950-51ರಲ್ಲಿ ದೇಶದಲ್ಲಿ ಆದದ್ದು ಸುಮಾರು 84 ಲಕ್ಷ ಟನ್. 2000-01ರಲ್ಲಿ ಸುಮಾರು 110 ಲಕ್ಷ ಟನ್. ಬೆಳೆ ಮೂರನೇ ಒಂದು ಪಾಲಿನಷ್ಟು ಏರಿತು. ಆದರೆ ಅಷ್ಟರಲ್ಲಿ ಜನಸಂಖ್ಯೆ 36 ಕೋಟಿಯಿಂದ 100 ಕೋಟಿ ದಾಟಿತ್ತು. ಇಳುವರಿಯೂ ಹೆಚ್ಚು ಮೇಲೇಳಲಿಲ್ಲ. ಹೆಕ್ಟೇರಿಗೆ 440 ಕೆಜಿ ಇದ್ದದ್ದು ಅರ್ಧ ಶತಮಾನದ ನಂತರ 540ರ ಆಸುಪಾಸು.

ಆಮೇಲೆ ಚೇತರಿಕೆ ಕಂಡಿತು. 2015-16ರಲ್ಲಿ 163 ಲಕ್ಷ ಟನ್ ಇದ್ದ ಬೆಳೆ ಮರುವರ್ಷವೇ 231 ಲಕ್ಷ ಟನ್ ಆಯಿತು. ಈಗ 250 ಲಕ್ಷ ಟನ್ನಿನ ಸುತ್ತಮುತ್ತ ಇದೆ. ಇಳುವರಿ ಹೆಕ್ಟೇರಿಗೆ 900 ಕೆಜಿಯ ಹತ್ತಿರ ಬಂದಿದೆ.

ಒಂದು ಸ್ಥೂಲ ಲೆಕ್ಕ ಹಾಕೋಣ. 250 ಲಕ್ಷ ಟನ್ನಿನಲ್ಲಿ ನೂರಕ್ಕೆ 12.5 ಕಳೆದರೆ ಸುಮಾರು 219 ಲಕ್ಷ ಟನ್. ಸಾಧಾರಣ ವರ್ಷದ ಆಮದು ಅಂತ 50 ಲಕ್ಷ ಟನ್ ಸೇರಿಸಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ವರ್ಷಕ್ಕೆ 19 ಕೆಜಿ, ದಿನಕ್ಕೆ 52 ಗ್ರಾಂ. ಅದರಲ್ಲಿ ಪ್ರೋಟೀನ್ 11 ಗ್ರಾಂ ಚಿಲ್ಲರೆ. ಜಗತ್ತಿನ ಸರಾಸರಿ ತಲೆಗೆ ವರ್ಷಕ್ಕೆ ಸುಮಾರು 7 ಕೆಜಿ ಕಾಳು. ಹೋಲಿಸಿದರೆ ನಾವು ಎರಡು ಪಟ್ಟಿಗಿಂತ ಮೇಲಿದ್ದೇವೆ. ಹೀಗಿದ್ದರೂ 1951ರ ಮಟ್ಟ ಇನ್ನೂ ಮುಟ್ಟಿಲ್ಲ.

ಕಾಳು ಹಿಂದೆ ಬಿದ್ದದ್ದು ಯಾಕೆ?

ಹಸಿರು ಕ್ರಾಂತಿಯಲ್ಲಿ ನೀರಾವರಿ, ಗೊಬ್ಬರ, ಹೊಸ ತಳಿ, ಖಾತ್ರಿ ಖರೀದಿ ಎಲ್ಲ ಸಿಕ್ಕಿದ್ದು ಹೆಚ್ಚಾಗಿ ಗೋಧಿಗೆ, ಭತ್ತಕ್ಕೆ. ನೀರು ಬಂದ ಹೊಲದಿಂದ ಕಾಳು ಜಾಗ ಖಾಲಿ ಮಾಡಿತು. ಮಳೆಯನ್ನೇ ನಂಬಿದ ಹೊಲ, ಬಡ ಮಣ್ಣು, ಉಳಿದ ತೇವ ಇವೇ ಅದಕ್ಕೆ ಗತಿಯಾದವು. ಗಿಡದ ಒಳಗಿನ ಕಾರಣವೂ ಒಂದಿದೆ. ಒಂದು ಗ್ರಾಂ ಪಿಷ್ಟ ಮಾಡುವುದಕ್ಕಿಂತ ಒಂದು ಗ್ರಾಂ ಪ್ರೋಟೀನ್ ಮಾಡಲು ಗಿಡಕ್ಕೆ ಹೆಚ್ಚು ಶಕ್ತಿ ಬೇಕು. ಬೇರಿನ ಬ್ಯಾಕ್ಟೀರಿಯಕ್ಕೂ ಸಕ್ಕರೆ ಉಣಿಸಬೇಕು. ಹಾಗಾಗಿ ಭತ್ತದಷ್ಟು ಮೂಟೆ ತೊಗರಿಯಿಂದ ನಿರೀಕ್ಷಿಸುವುದೇ ತಪ್ಪು. ಇದರ ಮೇಲೆ ಕಾಯಿಕೊರಕ ಹುಳ, ಸೊರಗು ರೋಗ.

ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ಕಥೆ ಕಣ್ಣಿಗೇ ಕಾಣುತ್ತದೆ. ಅರಸೀಕೆರೆ, ಕಡೂರು ಕಡೆ ಹಿಂದೆ ರಾಗಿ ಹೊಲ ಅಂದರೆ ಬರೀ ರಾಗಿ ಇರುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದರು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲಿ ನಿಂತು ಮಂಜಿನಲ್ಲೇ ಕಾಯಿ ಬಿಡುತ್ತಿತ್ತು. ಮನೆಗೆ ಬೇಕಾದ ಕಾಳು ಪ್ರತ್ಯೇಕ ಹೊಲವಿಲ್ಲದೆ, ಪ್ರತ್ಯೇಕ ಗೊಬ್ಬರವಿಲ್ಲದೆ ಬರುತ್ತಿತ್ತು. ಈಗ ಕೊಯ್ಲಿನ ಯಂತ್ರ ಬಂದಿದೆ. ಎರಡು ಬೆಳೆ ಬೇರೆ ಬೇರೆ ದಿನ ಮಾಗಿದರೆ ಯಂತ್ರಕ್ಕೆ ತೊಡಕು. ಎಷ್ಟೋ ಕಡೆ ರಾಗಿ ಜಾಗಕ್ಕೇ ಮುಸುಕಿನ ಜೋಳ, ಶುಂಠಿ, ಅಡಿಕೆ ಬಂದು ಕೂತಿವೆ. ಲಾಭ ಇರುವುದನ್ನು ಬೆಳೆದವರನ್ನು ಬೈಯುವ ಹಾಗಿಲ್ಲ.

ಮಲೆನಾಡಿನ ಕಡೆ, ಅಂದರೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ ಕಾಳು ಮೊದಲಿನಿಂದಲೂ ಅಪರೂಪ. ಕಾಳಿನ ಗಿಡದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅಲ್ಲಿನವರಿಗೆ ಬೇಳೆ ಅಂಗಡಿಯ ಸಾಮಾನು.

ಆ ಅಂಗಡಿಗೆ ಎಲ್ಲಿಂದ ಬರುತ್ತದೆ?

ತೊಗರಿಯಾದರೆ ಕಲಬುರಗಿ ಕಡೆಯದು ಇರಬಹುದು. ಮೊಜಾಂಬಿಕ್, ತಾಂಜಾನಿಯ, ಮಲಾವಿ ಅಥವಾ ಮ್ಯಾನ್ಮಾರ್‌ನದೂ ಇರಬಹುದು. ಉದ್ದು ಹೆಚ್ಚಾಗಿ ಮ್ಯಾನ್ಮಾರ್‌ನಿಂದ, ಮಸೂರ ಕೆನಡ ಮತ್ತು ಆಸ್ಟ್ರೇಲಿಯದಿಂದ, ಹಳದಿ ಬಟಾಣಿ ಕೆನಡ ಮತ್ತು ರಷ್ಯದಿಂದ. ಜಗತ್ತಿನಲ್ಲಿ ಅತಿ ಹೆಚ್ಚು ಬೇಳೆಕಾಳು ಬೆಳೆಯುವ ದೇಶ ನಮ್ಮದು, ತಿನ್ನುವುದರಲ್ಲೂ ಮೊದಲು, ತರಿಸಿಕೊಳ್ಳುವುದರಲ್ಲೂ ಮೊದಲು. 2024-25ರಲ್ಲಿ ಆಮದು 70 ಲಕ್ಷ ಟನ್ ದಾಟಿ ದಾಖಲೆಯಾಯಿತು.

2015ರಲ್ಲಿ ತೊಗರಿಬೇಳೆ ಕೆಜಿಗೆ 200 ರೂಪಾಯಿಯ ಹತ್ತಿರ ಹೋದದ್ದು ಹಲವರಿಗೆ ನೆನಪಿರಬಹುದು. ಆ ಬೆಲೆ ನೋಡಿ ರೈತರು ಮುಗಿಬಿದ್ದು ತೊಗರಿ ಬಿತ್ತಿದರು. ಮಳೆಯೂ ಚೆನ್ನಾಗಿ ಆಯಿತು, ಆಮದೂ ಬಂತು. 2017ರ ಆರಂಭದಲ್ಲಿ ದರ ಬೆಂಬಲ ಬೆಲೆಗಿಂತ ಕೆಳಗೆ ಬಿತ್ತು. ಒಂದು ವರ್ಷ ಕೊಳ್ಳುವವರಿಗೆ ಅಳು, ಮುಂದಿನ ವರ್ಷ ಬೆಳೆದವರಿಗೆ ಅಳು.

ಪೂರೈಕೆ ಒಂದು, ಸೇವನೆ ಇನ್ನೊಂದು

ದೇಶದಲ್ಲಿ ಇನ್ನೊಂದು ಬಗೆಯ ಲೆಕ್ಕವೂ ಇದೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಮನೆಮನೆಗೆ ಹೋಗಿ 'ಈ ತಿಂಗಳು ಏನು ತಿಂದಿರಿ, ಎಷ್ಟು ತಿಂದಿರಿ' ಎಂದು ಕೇಳುತ್ತಾರೆ. 2011-12ರ ಸಮೀಕ್ಷೆಯಲ್ಲಿ ಒಬ್ಬರು ತಿಂಗಳಿಗೆ ತಿಂದ ಬೇಳೆಕಾಳು ಹಳ್ಳಿಯಲ್ಲಿ ಸುಮಾರು 780 ಗ್ರಾಂ, ಪಟ್ಟಣದಲ್ಲಿ ಸುಮಾರು 900 ಗ್ರಾಂ. ಅದೇ ಹೊತ್ತಿನ ಪೂರೈಕೆ ಲೆಕ್ಕ ದಿನಕ್ಕೆ 42 ಗ್ರಾಂ ಆಸುಪಾಸು, ಅಂದರೆ ತಿಂಗಳಿಗೆ 1,250 ಗ್ರಾಂ. ಉಳಿದದ್ದು ಎಲ್ಲಿ ಹೋಯಿತು?

ಮೊದಲನೆಯದಾಗಿ ಗಿರಣಿ. ಪಟ್ಟಿಯಲ್ಲಿರುವುದು ಇಡೀ ಕಾಳಿನ ತೂಕ. ನೂರು ಕೆಜಿ ತೊಗರಿ ಒಡೆಸಿದರೆ ಸಿಗುವ ಬೇಳೆ 70-75 ಕೆಜಿ. ಹೊಟ್ಟು, ಪುಡಿ ದನಕ್ಕೆ. ಎರಡನೆಯದು ಮನೆಯ ಹೊರಗಿನ ತಿಂಡಿ. ಹೋಟೆಲಿನ ಇಡ್ಲಿಯ ಉದ್ದು, ಬೋಂಡದ ಕಡಲೆಹಿಟ್ಟು, ಮಿಕ್ಸ್ಚರ್ ಪೊಟ್ಟಣ, ಹಪ್ಪಳ ಇವೆಲ್ಲ ಸಮೀಕ್ಷೆಯಲ್ಲಿ ಬೇಳೆಕಾಳಿನ ತೂಕವಾಗಿ ಬರುವುದಿಲ್ಲ, ತಯಾರಾದ ತಿಂಡಿ ಎಂದು ಬೇರೆ ಕಡೆ ಸೇರುತ್ತವೆ. ಆಮೇಲೆ ಜನರ ನೆನಪು. ಹೋದ ತಿಂಗಳು ಎಷ್ಟು ಹೆಸರುಬೇಳೆ ಖರ್ಚಾಯಿತು ಅಂದರೆ ಯಾರಿಗೆ ನೆನಪಿರುತ್ತದೆ ಹೇಳಿ? ಬೆಳೆಯ ಅಂದಾಜಿನಲ್ಲೂ ಹೆಚ್ಚುಕಡಿಮೆ ಇರುತ್ತದೆ. ಹಾಗಾಗಿ ಪೂರೈಕೆ ಅಂಕಿ ಸ್ವಲ್ಪ ಮೇಲೆ, ಸಮೀಕ್ಷೆ ಅಂಕಿ ಸ್ವಲ್ಪ ಕೆಳಗೆ, ನಿಜ ನಡುವೆ ಎಲ್ಲೋ ಇದೆ ಎಂದು ಓದುವುದು ಕ್ಷೇಮ.

2023-24ರ ಸಮೀಕ್ಷೆ ಪ್ರಕಾರ ಹಳ್ಳಿಯವರು ದಿನಕ್ಕೆ ಸರಾಸರಿ 62 ಗ್ರಾಂ ಆಸುಪಾಸು ಪ್ರೋಟೀನ್ ತಿನ್ನುತ್ತಾರೆ, ಪಟ್ಟಣದವರು 63 ಚಿಲ್ಲರೆ. ಎಲ್ಲ ಆಹಾರ ಸೇರಿ ಬಂದ ಲೆಕ್ಕ ಇದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ದೇಹದ ತೂಕದ ಪ್ರತಿ ಕೆಜಿಗೆ 0.83 ಗ್ರಾಂ. 60 ಕೆಜಿ ತೂಗುವವರಿಗೆ 50 ಗ್ರಾಂ. ಸರಾಸರಿ ನೋಡಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ಆದರೆ ಹಳ್ಳಿಯ ಆ 62 ಗ್ರಾಂನಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಬರುವುದು ಅಕ್ಕಿ, ಗೋಧಿ, ರಾಗಿಯಂಥ ಧಾನ್ಯದಿಂದ. ಬೇಳೆಕಾಳಿನ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಕೈಯಲ್ಲಿ ದುಡ್ಡು ಕಡಿಮೆ ಇದ್ದ ಮನೆಗಳಲ್ಲಿ ಒಟ್ಟು ಪ್ರೋಟೀನೂ ಕಡಿಮೆ, ಅದರಲ್ಲಿ ಧಾನ್ಯದ ಪಾಲು ಇನ್ನೂ ಜಾಸ್ತಿ.

ಧಾನ್ಯದ ಪ್ರೋಟೀನ್ ಸಾಲದೇ? ಮುದ್ದೆ, ಸಾರಿನ ಲೆಕ್ಕ

ದೇಹ ತಾನೇ ಮಾಡಿಕೊಳ್ಳಲಾಗದ ಒಂಬತ್ತು ಅಮೈನೊ ಆಮ್ಲಗಳ ಮಾತು ಬಂತಲ್ಲ, ಅದರಲ್ಲಿ ಲೈಸೀನ್ ಒಂದು. ಅಕ್ಕಿ, ರಾಗಿ, ಗೋಧಿಗಳಲ್ಲಿ ಅದು ಕಡಿಮೆ, ಕಾಳಿನಲ್ಲಿ ಧಾರಾಳ. ಮೆಥಿಯೊನೀನ್ ಎಂಬ ಇನ್ನೊಂದು ಕಾಳಿನಲ್ಲಿ ಕಡಿಮೆ, ಧಾನ್ಯದಲ್ಲಿ ಪರವಾಗಿಲ್ಲ. ಒಂದು ಅಮೈನೊ ಆಮ್ಲ ಸಾಲದಿದ್ದರೆ ದೇಹ ಉಳಿದವನ್ನೂ ಪೂರ್ತಿ ಬಳಸಿಕೊಳ್ಳಲಾರದು. ಮುದ್ದೆಗೆ ಹುರಳಿಕಾಳು ಸಾರು, ಅನ್ನಕ್ಕೆ ಬೇಳೆಸಾರು, ಅಕ್ಕಿ ಉದ್ದು ಸೇರಿಸಿ ರುಬ್ಬಿದ ಇಡ್ಲಿ, ಇವುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಬೆರೆತಿರಬೇಕೆಂದೇನೂ ಇಲ್ಲ, ದಿನದ ಊಟದಲ್ಲಿ ಎರಡೂ ಇದ್ದರೆ ಆಯಿತು.

ಬೇಯಿಸುವ ರೀತಿಯೂ ಮುಖ್ಯ. ಬೇಯಿಸದ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಕೆಲವು ಅಂಶಗಳಿರುತ್ತವೆ. ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿದರೆ ಅವು ಬಹಳಷ್ಟು ಕಡಿಮೆಯಾಗುತ್ತವೆ. ಹಿತಕಿದ ಬೇಳೆಯಲ್ಲಿ ನೆನೆದ ಅವರೆಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಬಂದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಸಿಪ್ಪೆ ಹೋದರೆ ನಾರು ಕಡಿಮೆಯಾಗುತ್ತದೆ, ಆದರೆ ಹೊಟ್ಟೆಗೆ ಹಗುರ.

ಹುರಳಿ ಕಟ್ಟಿನ ಸಾರಿನ ಬಗ್ಗೆ ಮಾತ್ರ ಒಂದು ತಪ್ಪು ಕಲ್ಪನೆ ಇದೆ. ಹುರಳಿ ಬೇಯಿಸಿ ಬಸಿದ ಕಟ್ಟಿನಿಂದ ಸಾರು ಮಾಡಿ, ಬೆಂದ ಕಾಳನ್ನು ಎತ್ತಿಗೆ ಹಾಕುವುದು ಬೇಸಾಯದ ಮನೆಗಳಲ್ಲಿ ರೂಢಿ. ಸಾರು ರುಚಿಯಾಗಿರುತ್ತದೆ, ಕುಡಿದರೆ ಮೈ ಬೆಚ್ಚಗಾಗುತ್ತದೆ. ಆದರೆ ಕಟ್ಟಿಗೆ ಇಳಿಯುವ ಪ್ರೋಟೀನ್ ಸ್ವಲ್ಪವೇ. ಬಹುಪಾಲು ಕಾಳಿನಲ್ಲೇ ಇರುತ್ತದೆ. ಅಂದರೆ ಪ್ರೋಟೀನ್ ಹೋದದ್ದು ಎತ್ತಿಗೆ! ಬಸ್ಸಾರು ಮಾಡಿ ಕಾಳನ್ನು ಪಲ್ಯಕ್ಕೆ ಬಳಸುವ ಮನೆಯಲ್ಲಿ ಈ ನಷ್ಟವಿಲ್ಲ.

ಶಾಲೆಯ ಬಿಸಿಯೂಟದ ಅಳತೆಯಲ್ಲೂ ಇದೇ ಜೋಡಿಯಿದೆ. ಕಿರಿಯ ಪ್ರಾಥಮಿಕ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, ಒಟ್ಟು 12 ಗ್ರಾಂ ಪ್ರೋಟೀನ್. ಹಿರಿಯ ಪ್ರಾಥಮಿಕಕ್ಕೆ ಬೇಳೆ 30 ಗ್ರಾಂ.

350 ಲಕ್ಷ ಟನ್ ಆದರೆ ಎಷ್ಟು ಬದಲಾಗುತ್ತದೆ?

ಹೊಸ ಯೋಜನೆಯ ಗುರಿ 2030-31ಕ್ಕೆ 350 ಲಕ್ಷ ಟನ್. 310 ಲಕ್ಷ ಹೆಕ್ಟೇರಿನಲ್ಲಿ, ಹೆಕ್ಟೇರಿಗೆ 1,130 ಕೆಜಿ ಇಳುವರಿ. ತೊಗರಿ, ಉದ್ದು, ಮಸೂರಕ್ಕೆ ಆದ್ಯತೆ. ಕೇಳಲು ದೊಡ್ಡ ಜಿಗಿತ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ ನೋಡಿ. ನೂರಕ್ಕೆ 12.5 ಕಳೆದರೆ 306 ಲಕ್ಷ ಟನ್. ಆಗಿನ ಜನಸಂಖ್ಯೆ 150 ಕೋಟಿ ಎಂದಿಟ್ಟುಕೊಂಡರೆ ತಲೆಗೆ ದಿನಕ್ಕೆ 56 ಗ್ರಾಂ. ಈಗಿನ ಅಂದಾಜು 52. ಅಂದರೆ ಗುರಿ ಪೂರ್ತಿ ಮುಟ್ಟಿದರೂ ಮುಖ್ಯವಾಗಿ ಆಗುವುದು ಆಮದಿನ ಜಾಗಕ್ಕೆ ನಮ್ಮದೇ ಕಾಳು ಬರುವುದು. ತಟ್ಟೆಗೆ ಬೀಳುವ ಪ್ರಮಾಣ ಅಷ್ಟೇನೂ ಏರುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಊಟದ ಮಾದರಿಯಲ್ಲಿ ದಿನಕ್ಕೆ 85 ಗ್ರಾಂ ಬೇಳೆಕಾಳು ಇದೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಅದರಲ್ಲಿ ಸ್ವಲ್ಪ ಭಾಗಕ್ಕೆ ಅವನ್ನು ಬಳಸಬಹುದು. ಎಲ್ಲರಿಗೂ 85 ಗ್ರಾಂ ಕಾಳನ್ನೇ ಕೊಡಬೇಕೆಂದರೆ ದೇಶಕ್ಕೆ 500 ಲಕ್ಷ ಟನ್ನಿಗೂ ಮೇಲೆ ಬೇಕಾಗುತ್ತದೆ.

ಹೆಚ್ಚುವರಿ ಜಮೀನು ಎಲ್ಲಿದೆ? ಯೋಜನೆ ಕೈ ತೋರಿಸುವುದು ಭತ್ತ ಕೊಯ್ದು ಖಾಲಿ ಬಿಟ್ಟ ಗದ್ದೆಗಳತ್ತ. ಇದು ಹೊಸದೇನಲ್ಲ. ಕೊಯ್ಲಿನ ನಂತರ ಉಳಿದ ತೇವಕ್ಕೆ ಉದ್ದು, ಹೆಸರು, ಅಲಸಂದೆ ಚೆಲ್ಲುವುದು ಹಳೆಯ ಪದ್ಧತಿಯೇ. ಎರಡೂವರೆ ಮೂರು ತಿಂಗಳ ಬೆಳೆ, ಖರ್ಚು ಕಡಿಮೆ, ಮಣ್ಣಿಗೂ ಒಳ್ಳೆಯದು. ತೊಡಕು ಬೇರೆ ಕಡೆ ಇದೆ. ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ಊರಿನ ದನಗಳನ್ನು ಬಯಲಿಗೆ ಬಿಡುತ್ತಾರೆ. ಒಬ್ಬರ ಗದ್ದೆಯಲ್ಲಿ ಮಾತ್ರ ಹಸಿರು ಕಂಡರೆ ಎಲ್ಲ ದನವೂ ಅಲ್ಲಿಗೇ ನುಗ್ಗುತ್ತವೆ. ಒಂದು ಬಯಲಿನವರೆಲ್ಲ ಮಾತಾಡಿಕೊಂಡು ಒಟ್ಟಿಗೆ ಚೆಲ್ಲಿ, ಆ ಎರಡೂವರೆ ತಿಂಗಳು ದನ ಕಟ್ಟಿ ಹಾಕಲು ಒಪ್ಪಿದರೆ ಮಾತ್ರ ಕಾಳು ಮನೆಗೆ ಬರುತ್ತದೆ.